ಬೊಂಬಾಯಿ ಮುನಿಸಿಪಾಲಿಟಿಯ ಹಳೇ ಲೆಕ್ಕ

ನಾನು ಪುರಸಭೆ ನೌಕರಿಗೆ ಸೇರಿದ್ದು ಜಕಾತಿ ನಾಕಾದಲ್ಲಿ, ಅಂದರೆ ಊರೊಳಗೆ ಬರುವ ಮಾಲಿಗೆ ಸುಂಕ ವಸೂಲಿ ಮಾಡುವ ಕಟ್ಟೆಯಲ್ಲಿ. ಉತ್ತರ ಕನ್ನಡದ ಒಂದು ಸಣ್ಣ ಊರು, ರಸ್ತೆಗೆ ಅಡ್ಡ ಒಂದು ಬಿದಿರು ಗಳ, ಪಕ್ಕದಲ್ಲಿ ತಗಡಿನ ಗುಡಿಸಲು, ಒಳಗೆ ಕಾರ್ಬನ್ ಹಾಳೆ ಇಟ್ಟ ರಸೀದಿ ಪುಸ್ತಕ. 1979ರಲ್ಲಿ ಕರ್ನಾಟಕದಲ್ಲಿ ಜಕಾತಿ ತೆಗೆದುಹಾಕಿದರು. ನಮ್ಮನ್ನೆಲ್ಲ ಮನೆ ತೆರಿಗೆ, ನಲ್ಲಿ ತೆರಿಗೆ ವಸೂಲಿಗೆ ಹಾಕಿದರು. ನಿವೃತ್ತಿಯಾಗುವ ತನಕ ಅದೇ ಕೆಲಸ. ಹಾಗಾಗಿ ಈಗ ಮುಂಬೈಯ ಮಗಳ ಮನೆಯಲ್ಲಿ ಕೂತು ಹಳೇ ಬೊಂಬಾಯಿಯ ಇತಿಹಾಸ ಓದುವಾಗಲೂ ನನ್ನ ಕಣ್ಣು ಹೋಗುವುದು ಗವರ್ನರುಗಳ ಕಡೆಗಲ್ಲ, ಬಾಕಿ ವಸೂಲಿಯ ಕಡೆಗೆ.

ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅನ್ನುವ ಬೋರಿಬಂದರ್ ಸ್ಟೇಷನ್ನಿನ ಎದುರಿಗೇ ಪಾಲಿಕೆಯ ದೊಡ್ಡ ಕಟ್ಟಡ ಇದೆ. ಜನ ಅದಕ್ಕೆ ಬೆನ್ನು ಹಾಕಿ ನಿಂತು ಸ್ಟೇಷನ್ನಿನ ಫೋಟೋ ತೆಗೆಯುತ್ತಾರೆ. ಎರಡನ್ನೂ ಕಟ್ಟಿಸಿದ ಎಂಜಿನಿಯರ್ ಒಬ್ಬರೇ, ಎಫ್. ಡಬ್ಲ್ಯು. ಸ್ಟೀವನ್ಸ್. ಪಾಲಿಕೆ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1884ರಲ್ಲಿ, ಮುಗಿದದ್ದು 1893ರಲ್ಲಿ. ಅದಕ್ಕೂ ಮುಂಚೆ ಮುನಿಸಿಪಾಲಿಟಿಯ ಆಫೀಸು ಮೊದಲು ಗಿರಗಾಂವದಲ್ಲಿ, ಆಮೇಲೆ ವಾಟ್ಸನ್ ಹೋಟೆಲಿನ ಪಕ್ಕದ ಒಂದು ಕಟ್ಟಡದಲ್ಲಿತ್ತು. ಊರಿಗೆ ನೀರು, ದೀಪ, ಮಾರ್ಕೆಟ್ಟು ಎಲ್ಲ ಬಂದು ಎಷ್ಟೋ ವರ್ಷ ಆದಮೇಲೆ ಪಾಲಿಕೆಗೆ ಸ್ವಂತ ಸೂರು ಆಯಿತು.

ಆ ಕಾಲದ ಬೊಂಬಾಯಿಗೂ ನಮ್ಮ ಕಡೆಗೂ ಹತ್ತಿರದ ನಂಟಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ ಹೋಗುತ್ತಿತ್ತು. ಹತ್ತಿ ಪೇಟೆಯಲ್ಲಿ ಆ ಮಾಲಿಗೆ ಕುಮಟೆಯ ಹೆಸರೇ ನಿಂತುಬಿಟ್ಟಿತು. ನಮ್ಮ ಕಾಡಿನ ತೇಗದ ದಿಮ್ಮಿಗಳೂ ಸಮುದ್ರದ ದಾರಿಯಲ್ಲೇ ಹೋದವು. ದಿಮ್ಮಿ ಬೊಂಬಾಯಿಯ ದಕ್ಕೆಯಲ್ಲಿ ಇಳಿದ ಕೂಡಲೇ ಅಲ್ಲಿನ ಮುನಿಸಿಪಾಲಿಟಿ ಕೈಚಾಚುತ್ತಿತ್ತು. ಅದಕ್ಕೆ ಟೌನ್ ಡ್ಯೂಟಿ ಅನ್ನುತ್ತಿದ್ದರು. ಅಂದರೆ ನಮ್ಮ ಜಕಾತಿಯೇ. ದವಸ, ತುಪ್ಪ, ಸಕ್ಕರೆ, ಸೌದೆ, ಮರಮುಟ್ಟು, ಊರೊಳಗೆ ಬಂದದ್ದಕ್ಕೆಲ್ಲ ಸುಂಕ.

ಬಂದರು ಊರಿನಲ್ಲಿ ಜಕಾತಿ ಎಷ್ಟು ಗೋಜಲಿನ ಕೆಲಸ ಅನ್ನೋದು ನಾಕಾದಲ್ಲಿ ಕೂತವನಿಗೇ ಗೊತ್ತು. ಜಕಾತಿ ಇರೋದು ಊರಿನವರು ತಿಂದು ಬಳಸುವ ಮಾಲಿಗೆ. ಆದರೆ ಬಂದರಿಗೆ ಬರುವ ಮಾಲಿನಲ್ಲಿ ಬಹಳಷ್ಟು ಅಲ್ಲಿ ನಿಲ್ಲುವುದೇ ಇಲ್ಲ. ತುಪ್ಪದ ಡಬ್ಬಿ ರೈಲಿನಲ್ಲಿ ಬರುತ್ತೆ, ಬಂದರಿನ ಪಕ್ಕದ ಮಾಂಡವಿಯ ಗೋದಾಮಿನಲ್ಲಿ ನಾಲ್ಕು ದಿನ ಕೂರುತ್ತೆ, ಆಮೇಲೆ ಹಡಗು ಹತ್ತಿ ಇನ್ನೆಲ್ಲಿಗೋ ಹೋಗುತ್ತೆ. ಕಟ್ಟಿದ ಸುಂಕ ವಾಪಸ್ ಕೊಡಬೇಕು. ವಾಪಸ್ ಕೊಡಬೇಕಾದರೆ ಬಂದ ಡಬ್ಬಿಯೇ ಹೋದ ಡಬ್ಬಿ ಅಂತ ಗೊತ್ತಾಗಬೇಕು. ತುಪ್ಪಕ್ಕೇನು ಮೈಮೇಲೆ ಮಚ್ಚೆ ಇರುತ್ತಾ? ತೂಕ ನೋಡು, ಗುರುತು ನೋಡು, ರಸೀದಿ ನೋಡು, ವ್ಯಾಪಾರಿಯ ಮುಖ ನೋಡು. ನಮ್ಮ ನಾಕಾದಲ್ಲೂ ಲಾರಿಗೆ ಟ್ರಾನ್ಸಿಟ್ ಪಾಸ್ ಕೊಟ್ಟು ಈ ಕಡೆ ಬಿಟ್ಟರೆ, ಆ ಕಡೆಯ ನಾಕಾ ಮುಟ್ಟುವಷ್ಟರಲ್ಲಿ ಎರಡು ಮೂಟೆ ಕಮ್ಮಿ ಆಗಿರುತ್ತಿತ್ತು. ಕೇಳಿದರೆ ಚಾಲಕ ಆಕಾಶ ನೋಡುತ್ತಿದ್ದ. ಬೊಂಬಾಯಿಯಲ್ಲಿ ಈ ರಿಫಂಡಿನ ತಲೆನೋವು ದಶಕಗಟ್ಟಲೆ ನಡೆಯಿತು. ಜಕಾತಿಯ ಬೇರೆ ಬೇರೆ ರೂಪಗಳು ಅಲ್ಲಿ ನಮಗಿಂತ ಬಹಳ ಕಾಲ ಬಾಳಿದವು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೇ ಮುಂಬೈಯ ನಾಕಾಗಳು ಮುಚ್ಚಿದ್ದು.

ಇನ್ನು ಮನೆ ತೆರಿಗೆ. ಬೊಂಬಾಯಿಯ ರಾಜಕೀಯ ಹುಟ್ಟಿದ್ದೇ ಈ ತೆರಿಗೆಯ ಬಿಲ್ಲಿನಿಂದ ಅಂತ ನನ್ನ ಖಚಿತ ಅಭಿಪ್ರಾಯ. ಕಾಂಗ್ರೆಸ್ ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮುಂಚೆ, 1871ರಲ್ಲಿ, ಮನೆ ಮಾಲೀಕರೆಲ್ಲ ರೊಚ್ಚಿಗೆದ್ದರು. ಕಾರಣ ಆರ್ಥರ್ ಕ್ರಾಫರ್ಡ್ ಅನ್ನೋ ಕಮಿಷನರ್.

1865ರ ಕಾಯ್ದೆಯ ಪ್ರಕಾರ ಊರಿನ ಜಸ್ಟಿಸ್ ಆಫ್ ದಿ ಪೀಸ್‌ಗಳೆಲ್ಲ ಸೇರಿ ಕಾರ್ಪೊರೇಷನ್. ಇವರು ಆರಿಸಿ ಬಂದವರಲ್ಲ, ಸರ್ಕಾರ ನೇಮಿಸಿದವರು. ಹೆಸರಿಗೆ ಅವರು ಯಜಮಾನರು, ಕೆಲಸವೆಲ್ಲ ಕಮಿಷನರ್ ಕೈಯಲ್ಲಿ. ಕ್ರಾಫರ್ಡ್ ಬಂದದ್ದು ಬಹಳ ಕೆಟ್ಟ ಹೊತ್ತಿನಲ್ಲಿ. ಅಮೆರಿಕದ ಒಳಯುದ್ಧದಿಂದ ಹತ್ತಿಯ ಬೆಲೆ ಏರಿ ಬೊಂಬಾಯಿ ದುಡ್ಡಿನಲ್ಲಿ ಮುಳುಗೇಳುತ್ತಿತ್ತು. ಯುದ್ಧ ಮುಗಿದದ್ದೇ ತಡ, 1865ರಲ್ಲಿ ಷೇರು ಪೇಟೆ ಕುಸಿಯಿತು. 1864ರಲ್ಲಿ 8,16,562 ಜನ ಇದ್ದ ಊರಿನಲ್ಲಿ 1872ರ ಜನಗಣತಿಗೆ ಉಳಿದವರು 6,44,405. ಈ ಕುಸಿತದ ನಡುವೆ ಕ್ರಾಫರ್ಡ್ ರಸ್ತೆ ಮಾಡಿಸಿದ, ಕಸ ತೆಗೆಸಿದ, ಮಾರ್ಕೆಟ್ಟು ಕಟ್ಟಿಸಿದ. 1869ರಲ್ಲಿ ಮುಗಿದ ಆ ಮಾರ್ಕೆಟ್ಟಿಗೆ ಅವನದೇ ಹೆಸರು ಬಂತು. ಈಗ ಅದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ. ಬಾಗಿಲ ಮೇಲೆ ರೈತರ ಕೆತ್ತನೆ ಇದೆಯಲ್ಲ, ಅದನ್ನು ಮಾಡಿದ್ದು ಲಾಕ್‌ವುಡ್ ಕಿಪ್ಲಿಂಗ್. ಅಷ್ಟು ಹಣ್ಣು ತರಕಾರಿಯ ಗದ್ದಲದಲ್ಲಿ ತಲೆ ಎತ್ತಿ ಅದನ್ನು ನೋಡುವವರು ಕಮ್ಮಿ.

ಎಲ್ಲ ಸರಿ, ದುಡ್ಡು ಎಲ್ಲಿಂದ ಬರಬೇಕು? ಬಾಡಿಗೆ ಬಿದ್ದುಹೋಗಿದೆ, ತೆರಿಗೆ ಮಾತ್ರ ಏರಿದೆ. ಮಾಲೀಕರು ಸಭೆ ಮಾಡಿದರು, ಕೂಗಾಡಿದರು. 1871ರಲ್ಲಿ ಕ್ರಾಫರ್ಡ್ ಆ ಕುರ್ಚಿ ಬಿಡಬೇಕಾಯಿತು. ಆಮೇಲೆ ಅವನ ಕತೆ ಇನ್ನೂ ಕೆಟ್ಟಿತು, ಬಿಡಿ. ಪುಣೆಯ ಕಡೆ ರೆವಿನ್ಯೂ ಕಮಿಷನರ್ ಆಗಿದ್ದಾಗ ಮಾಮಲೇದಾರರಿಂದ, ಅಂದರೆ ತಹಶೀಲ್ದಾರರಿಂದ, ಹಣ ತಿಂದ ಅಂತ 1888ರಲ್ಲಿ ದೊಡ್ಡ ವಿಚಾರಣೆಯಾಗಿ ಕೊನೆಗೆ ನೌಕರಿಯನ್ನೇ ಕಳೆದುಕೊಂಡ.

ಆ ಗಲಾಟೆಯ ನಡುವೆ ಇಪ್ಪತ್ತಾರು ವರ್ಷದ ಒಬ್ಬ ಪಾರ್ಸಿ ವಕೀಲ ಎದ್ದು ನಿಂತು ಎಲ್ಲರಿಗೂ ಬೇಡವಾದ ಮಾತು ಹೇಳಿದ. ಊರೆಲ್ಲ ಕ್ರಾಫರ್ಡನಿಗೆ ಬೈಯುತ್ತಿದ್ದಾಗ ಇವನು, ತಪ್ಪು ಕಮಿಷನರನದಲ್ಲ, ಲೆಕ್ಕ ಕೇಳದೆ ಕೂತ ಜಸ್ಟಿಸ್‌ಗಳದು ಅಂದ. ಕಮಿಷನರ್ ಗಟ್ಟಿಯಾಗಿಯೇ ಇರಲಿ, ಆದರೆ ಅವನನ್ನು ಪ್ರಶ್ನೆ ಕೇಳುವವರನ್ನು ತೆರಿಗೆ ಕಟ್ಟುವವರೇ ಆರಿಸಲಿ ಅಂತ ಅವನ ವಾದ. ಅವನೇ ಫಿರೋಜ್‌ಷಾ ಮೆಹ್ತಾ. ಪಾಲಿಕೆ ಕಟ್ಟಡದ ಮುಂದೆ ಈಗ ನಿಂತಿರುವುದು ಅವರ ಪ್ರತಿಮೆಯೇ.

1872ರ ಕಾಯ್ದೆಯಲ್ಲಿ ಹೆಚ್ಚು ಕಮ್ಮಿ ಅದೇ ಆಯಿತು. 64 ಸದಸ್ಯರು. 32 ಜನ ತೆರಿಗೆದಾರರಿಂದ ಆರಿಸಿ ಬಂದವರು, 16 ಜನ ಜಸ್ಟಿಸ್‌ಗಳು ಆರಿಸಿದವರು, 16 ಜನ ಸರ್ಕಾರ ನೇಮಿಸಿದವರು. ಮರುವರ್ಷ ಮೊದಲ ಚುನಾವಣೆ. ವೋಟು ಇದ್ದದ್ದು ವರ್ಷಕ್ಕೆ ಇಂತಿಷ್ಟು ತೆರಿಗೆ ಕಟ್ಟುವವರಿಗೆ ಮಾತ್ರ. ಚಾಳ್ ಅನ್ನೋ ಸಾಲುಕೋಣೆಗಳ ಕಟ್ಟಡದಲ್ಲಿ, ಒಂದೇ ಕೋಣೆಯಲ್ಲಿ ಹತ್ತು ಜನರ ಜೊತೆ ಮಲಗುವ ಮಿಲ್ ಕಾರ್ಮಿಕನಿಗೆ ಇಲ್ಲ. ಊರನ್ನು ನಿಜವಾಗಿ ಚೊಕ್ಕಟ ಇಟ್ಟವರಿಗಂತೂ ಇಲ್ಲವೇ ಇಲ್ಲ.

ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಬೊಂಬಾಯಿಗೆ ವಿಹಾರ ಕೆರೆಯಿಂದ ಕೊಳವೆಯಲ್ಲಿ ನೀರು ಬಂದದ್ದು 1860ರಲ್ಲಿ. ಅದಕ್ಕೆ ಮುಂಚೆ ಬಾವಿ, ಕೆರೆಗಳೇ ಗತಿ. 1854ರ ಬರದಲ್ಲಿ ಊರಿನ ದನಕರುಗಳನ್ನು ಮಾಹೀಮಿನ ಕಡೆಗೆ ಅಟ್ಟಬೇಕಾಗಿತ್ತು. ವಿಹಾರ ಸಾಲದೆ 1879ರಲ್ಲಿ ತುಳಸಿ, ಅದೂ ಸಾಲದೆ 1892ರಲ್ಲಿ ತಾನ್ಸಾ. ನೀರು ಬಂತು ಅಂತ ಎಲ್ಲರಿಗೂ ಖುಷಿ. ಬಂದ ನೀರು ಹೊರಗೆ ಹೋಗುವುದು ಹೇಗೆ ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ. ಚರಂಡಿಯ ಬಗ್ಗೆ ಒಬ್ಬ ಎಂಜಿನಿಯರ್ ಆದಮೇಲೆ ಒಬ್ಬ ಎಂಜಿನಿಯರ್ ವರದಿ ಬರೆದರು, ಸಮಿತಿ ಕೂತಿತು, ಎದ್ದಿತು. ಊರು ಸಮುದ್ರ ಮಟ್ಟಕ್ಕೆ ಸಮ, ಇಳಿಜಾರು ಸಿಗುವುದಿಲ್ಲ, ಭರತದ ಹೊತ್ತಿಗೆ ಚರಂಡಿ ನೀರು ವಾಪಸ್ ನುಗ್ಗುತ್ತೆ. ಜುಲೈ ತಿಂಗಳಲ್ಲಿ ಮುಂಬೈಯಲ್ಲಿ ಇದ್ದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಒಳಚರಂಡಿ ಇಲ್ಲದ ಮನೆಗಳ ಪಾಯಖಾನೆ ಹೇಗಿರುತ್ತಿತ್ತು ಅಂದರೆ: ಎರಡು ಮನೆಗಳ ನಡುವೆ ಒಬ್ಬ ಮನುಷ್ಯ ಓರೆಯಾಗಿ ನಡೆಯುವಷ್ಟು ಸಂದಿ. ಮೇಲಿನ ಮಹಡಿಗಳಿಂದ ಆ ಸಂದಿಗೆ ಇಳಿಯುವ ಕೊಳವೆ. ಕೆಳಗೆ ಬುಟ್ಟಿ. ಬಚ್ಚಲ ನೀರೂ ಅಲ್ಲಿಗೇ. ಹಲಾಲ್‌ಖೋರರು ಹಿಂದಿನಿಂದ ಆ ಸಂದಿಗೆ ನುಗ್ಗಿ, ಬುಟ್ಟಿ ಬಳಿದು, ತಲೆಯ ಮೇಲೆ ಹೊತ್ತು ಗಾಡಿಗೆ ಸುರಿಯಬೇಕು. ದಿನಾ. ಇವರು ಬಹುಪಾಲು ಗುಜರಾತಿನ ಕಡೆಯಿಂದ ಬಂದವರು. ಬೀದಿ ಗುಡಿಸುವ ಬಿಗಾರಿಗಳು ಬೇರೆ, ಅವರು ಹೆಚ್ಚಾಗಿ ದಖ್ಖನಿನ ಕಡೆಯವರು. ಜಾತಿಯ ಹಣೆಬರಹವನ್ನೇ ಮುನಿಸಿಪಾಲಿಟಿ ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿತು. ಮನೆ ಮಾಲೀಕರ ಬಿಲ್ಲಿನಲ್ಲಿ ನೀರಿನ ತೆರಿಗೆಯ ಪಕ್ಕದಲ್ಲೇ ಹಲಾಲ್‌ಖೋರ್ ತೆರಿಗೆ ಅಂತ ಒಂದು ಸಾಲು ಇರುತ್ತಿತ್ತು. ಅಂದರೆ ಪಾಲಿಕೆಗೆ ಈ ಕೆಲಸಕ್ಕೆ ಬೆಲೆ ಕಟ್ಟುವುದು ಗೊತ್ತಿತ್ತು. ಮಾಡುವವರಿಗೆ ಕೊಡುವುದು ಮಾತ್ರ ಗೊತ್ತಿರಲಿಲ್ಲ.

ದೂರದ ಊರಿನ ಹಳೇ ಮಾತು ಅಂತ ತಳ್ಳಿಹಾಕಬೇಡಿ. ನಮ್ಮ ಕರ್ನಾಟಕದಲ್ಲೂ ತಲೆಯ ಮೇಲೆ ಮಲ ಹೊರುವುದಕ್ಕೆ ತಡೆ ಬಿದ್ದದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ. ನಾನು ಕೆಲಸಕ್ಕೆ ಸೇರಿದಾಗ ಆ ಬುಟ್ಟಿ ಹೊತ್ತಿದ್ದ ಹಿರಿಯರು ನಮ್ಮ ಆಫೀಸಿನಲ್ಲೇ ಇದ್ದರು. ಸಂಬಳದ ದಿನ ಅವರು ಒಳಗೆ ಬರುತ್ತಿರಲಿಲ್ಲ, ಕಿಟಕಿಯ ಹೊರಗೇ ನಿಂತು ಹೆಬ್ಬೆಟ್ಟು ಒತ್ತುತ್ತಿದ್ದರು. ಒಳಗೆ ಬನ್ನಿ ಅಂತ ನಮ್ಮಲ್ಲಿ ಯಾರೂ ಅಂದದ್ದು ನನಗೆ ನೆನಪಿಲ್ಲ.

ದೀಪದ ಕತೆ ಸ್ವಲ್ಪ ಹಗುರ. 1865ರಲ್ಲಿ ಗ್ಯಾಸ್ ದೀಪ ಬಂದಾಗ ದೀಪ ಹಚ್ಚುವವನ ಹಿಂದೆ ಜನ ಕಂಬದಿಂದ ಕಂಬಕ್ಕೆ ಮೆರವಣಿಗೆ ಹೋದರಂತೆ. 1880ರ ದಶಕದ ಆರಂಭದಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿಗೆ ಕರೆಂಟು ದೀಪ ಹಾಕಿಸಿದರು. ಗುತ್ತಿಗೆ ಹಿಡಿದ ಕಂಪನಿ ವರ್ಷ ಕಳೆಯುವುದರಲ್ಲಿ ದಿವಾಳಿ. ಮಾರ್ಕೆಟ್ಟಿಗೆ ಮತ್ತೆ ಗ್ಯಾಸೇ ಗತಿ. ಟೆಂಡರ್ ಕಡತ ಹಿಡಿದವರಿಗೆ ಇದನ್ನು ಓದಿದರೆ ನಗು ಬರದೆ ಇರುವುದಿಲ್ಲ. ಕುದುರೆ ಟ್ರಾಮ್ ಮಾತ್ರ ಗಟ್ಟಿಯಾಗಿ ನಡೆಯಿತು, 1874ರ ಮೇ 9ರಿಂದ. ಮೊದಮೊದಲು ಕೊಲಾಬಾದಿಂದ ಪಾಯಧುನಿಗೆ ಮೂರು ಆಣೆ, ಟಿಕೆಟ್ಟೇ ಇಲ್ಲ. ಬಿಸಿಲುಗಾಲಕ್ಕೆ ಕುದುರೆಗಳ ತಲೆಗೂ ಒಂದು ಥರದ ಟೋಪಿ ಹಾಕುತ್ತಿದ್ದರು. ಮೊಮ್ಮಗಳಿಗೆ ಇದನ್ನು ಹೇಳಿದಾಗ, "ಅಜ್ಜ, ಸುಮ್ನೆ ಹೇಳ್ಬೇಡ" ಅಂದಳು. ನಿಜ ಮಾರಾಯ್ತಿ.

1888ರಲ್ಲಿ ಮತ್ತೊಂದು ಕಾಯ್ದೆ ಬಂತು. ಸದಸ್ಯರು 72 ಆದರು, ಹನ್ನೆರಡು ಜನರ ಸ್ಥಾಯಿ ಸಮಿತಿ ಆಯಿತು. ತಿದ್ದುಪಡಿ ಮೇಲೆ ತಿದ್ದುಪಡಿ ಆಗಿ ಇವತ್ತಿಗೂ ಮುಂಬೈ ನಡೆಯುವುದು ಅದೇ ಕಾಯ್ದೆಯ ಮೇಲೆ. ಅದರ 61ನೇ ಕಲಮು ನನಗೆ ಬಹಳ ಇಷ್ಟ. ಪಾಲಿಕೆ ಮಾಡಲೇಬೇಕಾದ ಕೆಲಸಗಳ ಪಟ್ಟಿ ಅದು: ಕಸ ತೆಗೆಯುವುದು, ಚರಂಡಿ, ನೀರು, ಬೀದಿ ದೀಪ, ಧೂಳೇಳದ ಹಾಗೆ ಬೀದಿಗೆ ನೀರು ಚಿಮುಕಿಸುವುದು, ಮಾರ್ಕೆಟ್ಟು, ಕಸಾಯಿಖಾನೆ, ಸುಡುಗಾಡು, ಹುಟ್ಟು ಸಾವಿನ ದಾಖಲೆ, ಸಿಡುಬಿನ ಚುಚ್ಚುಮದ್ದು. ಆಗ ತೆರಿಗೆ ಹಾಕುವ ರೀತಿಯೂ ನೇರವಾಗಿತ್ತು. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಲೆಕ್ಕ ಹಿಡಿ, ರಿಪೇರಿಗೆ ಅಂತ ಶೇಕಡಾ 10 ಕಳೆ, ಉಳಿದದ್ದರ ಮೇಲೆ ತೆರಿಗೆ. ನಾನೂ ಬಾಡಿಗೆ ಮೌಲ್ಯದ ಮೇಲೆಯೇ ವರ್ಷಗಟ್ಟಲೆ ತೆರಿಗೆ ಹಾಕಿದವನು. ಬಾಡಿಗೆದಾರನನ್ನು ತೋರಿಸಿ "ಇವರು ನಮ್ಮ ನೆಂಟರು, ಸುಮ್ನೆ ಇದ್ದಾರೆ" ಅನ್ನದ ಮಾಲೀಕ ನನಗೆ ಸಿಕ್ಕಿಲ್ಲ. ಗಿರಗಾಂವದ ಮಾಲೀಕರೂ ಬೇರೆ ಥರ ಇದ್ದಿರಲಿಕ್ಕಿಲ್ಲ.

ಈ ಎಲ್ಲ ಏರ್ಪಾಡಿಗೂ ಪರೀಕ್ಷೆ ಬಂದದ್ದು 1896ರಲ್ಲಿ. ಸುಡುಗಾಡುಗಳಿಂದ ಸಾವಿನ ಲೆಕ್ಕ ಪಾಲಿಕೆಗೆ ವಾರ ವಾರ ಬರುತ್ತಿತ್ತು. ಆದರೆ ಅದರಲ್ಲಿ ಬಹಳಷ್ಟು ಸಾವುಗಳು ಜ್ವರ ಅನ್ನೋ ಕಾಲಂಗೆ ಹೋಗಿ ಬೀಳುತ್ತಿದ್ದವು. ಕಾಲಂ ಇದ್ದರೆ ಗುಮಾಸ್ತ ತುಂಬುತ್ತಾನೆ, ಒಳಗೇನಿದೆ ಅಂತ ಯಾಕೆ ಕೆದಕುತ್ತಾನೆ? ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ, ಆ ದವಸದ ಗೋದಾಮುಗಳ ಓಣಿಗಳಲ್ಲಿ, ಜನ ಮೈಯಲ್ಲಿ ಗಂಟು ಎದ್ದು ಸಾಯತೊಡಗಿದರು. ಅದು ಪ್ಲೇಗು ಅಂತ ಮೊದಲು ಗುರುತು ಹಿಡಿದು ಹೇಳಿದ್ದು ಡಾ. ಅಕಾಸಿಯೊ ವೀಗಸ್. ಗೋವಾದವರು, ಸ್ಥಾಯಿ ಸಮಿತಿಯ ಸದಸ್ಯರು. ಧೋಬಿ ತಲಾವಿನ ಹತ್ತಿರ ಅವರ ಪ್ರತಿಮೆ ಇದೆ.

ಆಗ ಕಮಿಷನರ್ ಆಗಿದ್ದದ್ದು ಪಿ.ಸಿ.ಎಚ್. ಸ್ನೋ. ರೋಗ ಕೊಳಕಿನಿಂದ ಬರುತ್ತೆ ಅಂತ ಆಗಿನ ನಂಬಿಕೆ. ಚರಂಡಿಗಳಿಗೆಲ್ಲ ಸಮುದ್ರದ ನೀರು, ಕಾರ್ಬಾಲಿಕ್ ಆಸಿಡ್ ಹೊಯ್ಯಿಸಿದರು, ಸುಣ್ಣ ಬಳಿಸಿದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಅಂಟುತ್ತೆ ಅಂತ ಸಿಮೋಂ ಅನ್ನೋ ಫ್ರೆಂಚ್ ಡಾಕ್ಟರು ಕಂಡುಕೊಂಡದ್ದು 1898ರಲ್ಲಿ. 1896ರ ಅಕ್ಟೋಬರ್ 6ಕ್ಕೆ ಸ್ನೋ ಆದೇಶ ಹೊರಡಿಸಿದ: ಮನೆಗೆ ನುಗ್ಗಬಹುದು, ರೋಗಿಯನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಬಹುದು. ಊರು ಹೊತ್ತಿಕೊಂಡಿತು. ಆಸ್ಪತ್ರೆಗೆ ಹೋದವರು ತಿರುಗಿ ಬರಲ್ಲ ಅಂತ ಸುದ್ದಿ. ಅಕ್ಟೋಬರ್ 29ರಂದು ಮಿಲ್ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು.

ಅದರ ಬೆನ್ನಿಗೇ ಸ್ನೋ ಆದೇಶವನ್ನು ಸಡಿಲ ಮಾಡಿದ. ಯಾಕೆ ಗೊತ್ತಾ? ಮಿಲ್ಲಿನವರ ಭಯ ಒಂದೇ ಅಲ್ಲ. ಹಲಾಲ್‌ಖೋರರು, ಬಿಗಾರಿಗಳು ಗಂಟು ಕಟ್ಟಿಕೊಂಡು ಊರು ಬಿಟ್ಟರೆ ಏನು ಗತಿ ಅನ್ನೋ ಭಯ ಅವನಿಗಿತ್ತು. ವ್ಯಾಪಾರಿಗಳು ಹೋಗಲಿ, ಗುಮಾಸ್ತರು ಹೋಗಲಿ, ಇವರು ಹೋದರೆ ಊರೇ ತಿಪ್ಪೆಯಾಗುತ್ತೆ ಅಂತ ಅವನು ಸರ್ಕಾರಕ್ಕೆ ಬರೆದುಕೊಂಡ. ವೋಟಿಲ್ಲದ, ಸಭೆಯಲ್ಲಿ ಕುರ್ಚಿಯಿಲ್ಲದ ಜನ. ಅವರು ಹೊರಟುಬಿಟ್ಟಾರು ಅನ್ನೋ ಹೆದರಿಕೆಗೇ ಕಮಿಷನರ್ ಆದೇಶ ಬಗ್ಗಿತು. ಇಡೀ ಕತೆಯಲ್ಲಿ ನಾನು ಎರಡೆರಡು ಸಲ ಓದಿದ ಜಾಗ ಇದೇ.

ಲಕ್ಷಗಟ್ಟಲೆ ಜನ ಊರು ಬಿಟ್ಟರು. ಕೊಂಕಣದವರು ಹಡಗು ಹತ್ತಿದರು. 1891ರಲ್ಲಿ 8,21,764 ಇದ್ದ ಜನಸಂಖ್ಯೆ 1901ಕ್ಕೆ 7,76,006. 1897ರ ಮಾರ್ಚಿನಲ್ಲಿ ಪ್ಲೇಗಿನ ಕೆಲಸವನ್ನು ಪಾಲಿಕೆಯ ಕೈಯಿಂದ ತೆಗೆದು ಜನರಲ್ ಗಟಾಕರ್ ಅನ್ನೋ ಮಿಲಿಟರಿಯವನ ಸಮಿತಿಗೆ ಕೊಟ್ಟರು. ಸರ್ಕಾರಕ್ಕೆ ಈ ಚಾಳಿ ಹಳೆಯದು. ಪೊಲೀಸರ ವಿಷಯದಲ್ಲೂ ಹಾಗೇ. ಪೊಲೀಸರು ಸರ್ಕಾರದ ಮಾತು ಕೇಳಬೇಕು, ಖರ್ಚು ಮಾತ್ರ ಪಾಲಿಕೆ ಕೊಡಬೇಕು. ಈ ಜಗಳ ದಶಕಗಟ್ಟಲೆ ನಡೆದು 1907ರಲ್ಲಿ ತೀರ್ಮಾನ ಆಯಿತು. ಪೊಲೀಸ್ ಖರ್ಚು ಸರ್ಕಾರ ಹೊತ್ತುಕೊಂಡಿತು, ಅದರ ಬದಲಿಗೆ ಪ್ರಾಥಮಿಕ ಶಾಲೆ, ಆಸ್ಪತ್ರೆಗಳ ಖರ್ಚು ಪಾಲಿಕೆಯ ತಲೆಗೆ ಬಂತು. ಮೆಹ್ತಾ ಅಂಥವರು ಇದ್ದರೂ ಪುಕ್ಕಟೆ ಏನೂ ಸಿಗಲಿಲ್ಲ ನೋಡಿ.

ಪ್ಲೇಗಿನ ನಂತರ, 1898ರಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಬೇರೆ ಸಂಸ್ಥೆ ಮಾಡಿದರು. ಅದು ಒತ್ತೊತ್ತಾದ ಓಣಿಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹಾಕಿತು. ಮನೆ ಕಳೆದುಕೊಂಡವರು ಪಕ್ಕದ ಚಾಳುಗಳಿಗೆ ಹೋಗಿ ಇನ್ನೂ ಒತ್ತಾಗಿ ಸೇರಿಕೊಂಡರು. 1933ರಲ್ಲಿ ಟ್ರಸ್ಟು ಪಾಲಿಕೆಯಲ್ಲೇ ಕರಗಿತು. ಆದರೆ ಅದು ಮಾಡಿದ ಒಂದು ಒಳ್ಳೇ ಕೆಲಸ ದಾದರ್, ಮಾಟುಂಗಾದ ಬಡಾವಣೆಗಳು. ನಕ್ಷೆ ಹಾಕಿ, ಅಗಲ ರಸ್ತೆ ಬಿಟ್ಟು, ಮನೆಯಿಂದ ಮನೆಗೆ ಗಾಳಿ ಬೆಳಕಿನ ಜಾಗ ಇಟ್ಟು ಮಾಡಿದ್ದು. ಆಮೇಲೆ ದಕ್ಷಿಣದವರು ಅಲ್ಲಿಗೆ ಬಂದು ತುಂಬಿಕೊಂಡರು. ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲೇ, ಭಾವು ದಾಜಿ ರಸ್ತೆಯಲ್ಲಿ. ಮಗಳು, ಅಳಿಯ ನಾಟಕ ಇದ್ದಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ದಾರಿಯುದ್ದಕ್ಕೂ ನಾನು ಈ ರಸ್ತೆ ಯಾಕೆ ಇಷ್ಟು ಅಗಲ ಇದೆ ಅಂತ ಹೇಳುತ್ತಿದ್ದರೆ, ಅಳಿಯ, "ಎಷ್ಟು ಅಗಲ ಇದ್ರೇನು ಮಾವ, ಗಾಡಿ ನಿಲ್ಸೋಕೆ ಜಾಗ ಸಿಗಲ್ಲ" ಅಂತ ಗೊಣಗುತ್ತಾನೆ.